ಮೊದಲು ಎರಡನೆಯವನನ್ನು ನೋಡಿ: ಹೋಮ್ ರನ್ ಪೈಪೋಟಿಯ ಲೆಕ್ಕ ಹಿಡಿಯುವ ಬಗೆ

ಬೇಸ್‌ಬಾಲ್ ಆಟದಲ್ಲಿ ಒಂದೇ ಸೀಸನ್ನಿನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದವರು ಯಾರು ಅಂತ ಕೇಳಿದರೆ ಉತ್ತರ ಒಂದೇ ಸಾಲು: ಬ್ಯಾರಿ ಬಾಂಡ್ಸ್, 2001, 73. ನನ್ನ ಭಾವಮೈದ ಅಲ್ಲಿಗೇ ಮಾತು ಮುಗಿಸುತ್ತಾನೆ. "ಭಾವ, ಎಪ್ಪತ್ತಮೂರು ಅಂದ್ಮೇಲೆ ಇನ್ನೇನಿದೆ ಹೇಳಿ?" ಅವನ ಪ್ರಕಾರ ಏನೂ ಇಲ್ಲ. ನಾನು ಹೊಟ್ಟೆ ಹೊರೆಯುವುದೇ ಲೆಕ್ಕ ತಪಾಸಣೆಯಿಂದ. ಒಂದು ಮೊತ್ತ ತೋರಿಸಿ ಕಡತ ಮುಚ್ಚಲು ಹೊರಡುವವರನ್ನು ಕಂಡರೆ ನನಗೆ ಆಗಿಬರುವುದಿಲ್ಲ. ಎಷ್ಟು ಹೊಡೆದ ಅನ್ನುವುದು ಒಂದು ಪ್ರಶ್ನೆ. ಅವನು ಹೊಡೆಯುತ್ತಿದ್ದಾಗ ಉಳಿದವರು ಎಲ್ಲಿದ್ದರು ಅನ್ನುವುದು ಬೇರೆಯೇ ಪ್ರಶ್ನೆ. ಈ ಎರಡನೆಯ ಪ್ರಶ್ನೆಗೆ ಮನೆಯಲ್ಲೇ ಕೂತು, ಒಂದು ನೋಟ್‌ಬುಕ್ ಮತ್ತು ಕ್ಯಾಲ್ಕುಲೇಟರ್ ಇಟ್ಟುಕೊಂಡು ಉತ್ತರ ತೆಗೆಯುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಆಟಕ್ಕೆ ಹೊಸಬರಾದರೆ ಇಷ್ಟು ಸಾಕು. ಹೋಮ್ ರನ್ ಅಂದರೆ ಸಿಕ್ಸರ್ ಅಂದುಕೊಳ್ಳಿ, ಆದರೆ ಹಿಂದಕ್ಕೋ ಪಕ್ಕಕ್ಕೋ ಕಳಿಸಿದ್ದು ನಡೆಯುವುದಿಲ್ಲ. ಎದುರಿಗಿರುವ ಎರಡು ಫೌಲ್ ಗೆರೆಗಳ ನಡುವೆಯೇ ಚೆಂಡು ಬೇಲಿ ದಾಟಬೇಕು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಎರಡು ಬಣ, ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್. ಈಗ ಒಂದು ತಂಡಕ್ಕೆ ಸೀಸನ್ನಿಗೆ 162 ಪಂದ್ಯ. 1960ರ ದಶಕದ ಆರಂಭದವರೆಗೆ ಹೆಚ್ಚಾಗಿ 154 ಇರುತ್ತಿತ್ತು. ಪ್ರತಿ ಲೀಗ್‌ಗೂ ಪ್ರತಿ ವರ್ಷ ಒಬ್ಬ ಹೋಮ್ ರನ್ ಸರದಾರ ಇರುತ್ತಾನೆ.

ಪುಟ ಹಾಕಿಕೊಳ್ಳುವುದು

ಒಂದು ಸೀಸನ್ನಿಗೆ ಒಂದು ಪುಟ ಇಡಿ. ಅಂಕಿಗಳಿಗೆ ಅಲೆಯಬೇಕಾಗಿಲ್ಲ, ಬೇಸ್‌ಬಾಲ್ ರೆಫರೆನ್ಸ್ ತಾಣದಲ್ಲಿ ವರ್ಷವಾರು ಪುಟಗಳಿವೆ. ಲೀಗ್‌ನ ಮೊದಲ ಹತ್ತು ಮಂದಿ, ಪ್ರತಿ ತಂಡದ ಒಟ್ಟು ಹೋಮ್ ರನ್, ಎಲ್ಲವೂ ಅಲ್ಲೇ ಸಿಗುತ್ತವೆ. ಪುಟದ ತಲೆಯಲ್ಲಿ ವರ್ಷ ಮತ್ತು ಲೀಗ್ ಬರೆಯಿರಿ. ಅದರ ಕೆಳಗೆ ಮೊದಲನೆಯವನು, ಎರಡನೆಯವನು, ಮೂರನೆಯವನು, ಜೊತೆಗೆ ಅವರವರ ತಂಡ. ಆಮೇಲೆ ಆ ಲೀಗ್‌ನ ಒಂದು ತಂಡ ಸರಾಸರಿ ಎಷ್ಟು ಹೊಡೆಯಿತು. ಬಲಗಡೆ ಅಗಲವಾದ ಅಂಚು ಬಿಡಿ. ಷರಾ ಬರೆಯಲು ಅದು ಬೇಕೇ ಬೇಕು, ಅರ್ಧ ಸತ್ಯ ಇರುವುದೇ ಅಲ್ಲಿ.

ಹೆಸರುಗಳನ್ನು ಬರೆಯುವಾಗ ಮೊದಲನೆಯವನ ಮೊತ್ತ ನೋಡಿ ಬೆರಗಾಗಬೇಡಿ. ನೇರ ಎರಡನೆಯವನಿಗೆ ಹೋಗಿ. ಎರಡು ಲೆಕ್ಕ ಮಾಡಬೇಕು: ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಅಂತರ, ಭಾಗಿಸಿದರೆ ಪಟ್ಟು. ಎರಡೂ ಬೇಕು. ಅಂತರ ಮಾತ್ರ ನೋಡಿದರೆ ಹೋಮ್ ರನ್ ಮಳೆ ಸುರಿದ ವರ್ಷಗಳೇ ಗೆಲ್ಲುತ್ತವೆ. ಪಟ್ಟು ಮಾತ್ರ ನೋಡಿದರೆ ಬರಗಾಲದ ವರ್ಷಗಳೇ ಮುಂದೆ ಬರುತ್ತವೆ. 1909ರಲ್ಲಿ ಟೈ ಕಾಬ್ ಅಮೆರಿಕನ್ ಲೀಗ್ ಗೆದ್ದದ್ದು ಬರೀ 9 ಹೋಮ್ ರನ್ನಿನಿಂದ, ಅದರಲ್ಲಿ ಒಂದೂ ಬೇಲಿ ದಾಟಿದ್ದಲ್ಲ. ಒಂಬತ್ತನ್ನೂ ಚೆಂಡು ಮೈದಾನದೊಳಗೇ ಇದ್ದಾಗ ನಾಲ್ಕು ಬೇಸ್ (ಓಟಗಾರ ಸುತ್ತಿ ಮುಟ್ಟಬೇಕಾದ ನಾಲ್ಕು ಮೂಲೆಗಳು) ಓಡಿ ಗಳಿಸಿದ. ಅಂಥ ವರ್ಷದಲ್ಲಿ ಪಟ್ಟು ಎಷ್ಟೇ ಬಂದರೂ ನಂಬುವಂತಿಲ್ಲ. ಮೊದಲನೆಯವನ ಮೊತ್ತ 20 ದಾಟದಿದ್ದರೆ ಆ ವರ್ಷದ ಪಟ್ಟನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ಎರಡು ಲೆಕ್ಕ ಮಾಡಿದ ಕೂಡಲೇ ಕಣ್ಣಿಗೆ ರಾಚುವ ಹೆಸರು ಬೇಬ್ ರೂತ್. 1919ರಲ್ಲಿ, ಇನ್ನೂ ಬಾಸ್ಟನ್ ರೆಡ್ ಸಾಕ್ಸ್‌ನಲ್ಲಿದ್ದು ನಡುನಡುವೆ ಪಿಚಿಂಗ್ (ಬ್ಯಾಟರ್‌ಗೆ ಚೆಂಡು ಎಸೆಯುವ ಕೆಲಸ) ಕೂಡ ಮಾಡುತ್ತಿದ್ದವನು, 29 ಹೊಡೆದ. ಲೀಗ್‌ನಲ್ಲಿ ಅವನ ನಂತರದವರು 10. ಅವನ ಇಡೀ ತಂಡ ಹೊಡೆದದ್ದು 33, ಅಂದರೆ ಉಳಿದವರೆಲ್ಲ ಸೇರಿ ನಾಲ್ಕು. 1920ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ಗೆ ಬಂದು 54. ಎರಡನೆಯವನು ಜಾರ್ಜ್ ಸಿಸ್ಲರ್, 19. ಪಟ್ಟು 2.84. 1921ರಲ್ಲಿ 59, ಹಿಂದಿನವರು 24. 1926ರಲ್ಲಿ 47, ಆಲ್ ಸಿಮನ್ಸ್ 19. 1928ರಲ್ಲಿ 54ಕ್ಕೆ 27, ಸರಿಯಾಗಿ ಎರಡು ಪಟ್ಟು. ಹಿಂದಿನವನ ಎರಡರಷ್ಟು ಹೊಡೆಯುವುದು ಅಂದರೆ ಎಂಥದ್ದು ಅಂತ ತಿಳಿಯಲು ರೂತ್‌ನ ಆಚೆಗೆ ನೋಡಿ. 1940ರ ನ್ಯಾಷನಲ್ ಲೀಗ್‌ನಲ್ಲಿ ಜಾನಿ ಮೈಜ್ 43, ಬಿಲ್ ನಿಕಲ್ಸನ್ 25: ಪಟ್ಟು 1.72. 1956ರಲ್ಲಿ ಮಿಕ್ಕಿ ಮ್ಯಾಂಟಲ್ 52, ವಿಕ್ ವರ್ಟ್ಜ್ 32: 1.63. 1922ರಲ್ಲಿ ರಾಜರ್ಸ್ ಹಾರ್ನ್ಸ್‌ಬಿ 42ಕ್ಕೆ 26, 1949ರಲ್ಲಿ ರಾಲ್ಫ್ ಕೈನರ್ 54ಕ್ಕೆ 36. ಇವರೆಲ್ಲ ಆ ವರ್ಷ ಲೀಗನ್ನು ಬಗ್ಗಿಸಿದವರೇ. ಆದರೂ ಎರಡರ ಹತ್ತಿರಕ್ಕೆ ಬರಲಿಲ್ಲ. ನನ್ನ ಅಳತೆಯಲ್ಲಿ 1.5 ಅಂದರೆ ಮೆಚ್ಚಬೇಕಾದ ವರ್ಷ. 1.3ರ ಕೆಳಗಿದ್ದರೆ ಅದು ಪೈಪೋಟಿ, ಒಬ್ಬನ ದರ್ಬಾರಲ್ಲ.

ಬಾಂಡ್ಸ್‌ನ 73ಕ್ಕೆ ಎರಡನೆಯವನು ಸ್ಯಾಮಿ ಸೋಸಾ, 64. ಪಟ್ಟು 1.14. ಮೂರನೆಯವನಾದ ಲೂಯಿಸ್ ಗೊನ್ಸಾಲೆಸ್ ಕೂಡ 57 ಹೊಡೆದಿದ್ದ. ಇದನ್ನು ತೋರಿಸಿದಾಗ ಭಾವಮೈದ ಒಂದು ಗಳಿಗೆ ಸುಮ್ಮನಿದ್ದು, "ಹಾಗಾದ್ರೆ ಸೋಸಾಗೆ ಅನ್ಯಾಯ ಆಯ್ತು ಅನ್ನಿ" ಅಂದ. ಅದಂತೂ ನಿಜ. ಸೋಸಾ ಮೂರು ಸೀಸನ್‌ಗಳಲ್ಲಿ 60 ದಾಟಿದ: 1998ರಲ್ಲಿ 66, 1999ರಲ್ಲಿ 63, 2001ರಲ್ಲಿ 64. ಮೂರರಲ್ಲಿ ಒಂದರಲ್ಲೂ ಲೀಗ್‌ನ ಮೊದಲ ಸ್ಥಾನ ಸಿಗಲಿಲ್ಲ. ಸಿಕ್ಕಿದ್ದು 50 ಹೊಡೆದ 2000ರಲ್ಲಿ, 49 ಹೊಡೆದ 2002ರಲ್ಲಿ. ಮೊತ್ತದ ಮೇಲೆ ಮಾತ್ರ ಕಣ್ಣಿಟ್ಟವರಿಗೆ ಕೊಡಲು ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಬಳಿ ಇಲ್ಲ.

ಎರಡನೆಯವನು ಸುಳ್ಳು ಹೇಳಿದಾಗ

ಇಲ್ಲಿ ಒಂದು ತೊಡಕಿದೆ, ಅದಕ್ಕೆ ಮೂರನೆಯ ಹೆಸರು ಬೇಕು. 1927ರ ಅಮೆರಿಕನ್ ಲೀಗ್ ಪುಟ ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ:

ರೂತ್, ಯಾಂಕೀಸ್, 60. ಗೆಹ್ರಿಗ್, ಯಾಂಕೀಸ್, 47. ಲಜ್ಜೆರಿ, ಯಾಂಕೀಸ್, 18. ಅಂತರ 13, ಪಟ್ಟು 1.28. ಮೂರನೆಯವನಿಗೆ ಹೋಲಿಸಿದರೆ 3.33.

ಮೊದಲ ಪರೀಕ್ಷೆಯಲ್ಲಿ ರೂತ್‌ನ ಅತಿ ಪ್ರಸಿದ್ಧ ಸೀಸನ್ನೇ ನಪಾಸು! 1.28 ನನ್ನ ಗೆರೆಯಿಂದ ಕೆಳಗೆ. ಆದರೆ ಮೂರನೆಯ ಸಾಲಿಗೆ ಇಳಿದರೆ ಚಿತ್ರವೇ ಬದಲು. ಇಬ್ಬರು ಮನುಷ್ಯರು ಒಂದೂರಿನಲ್ಲಿ, ಉಳಿದ ಲೀಗೆಲ್ಲ ಇನ್ನೊಂದೂರಿನಲ್ಲಿ. ಲೂ ಗೆಹ್ರಿಗ್ ಆ ವರ್ಷ ಇಲ್ಲದಿದ್ದರೆ ರೂತ್‌ನ ಪಟ್ಟು ಮೂರಕ್ಕಿಂತ ಹೆಚ್ಚು. ಹಾಗಂತ ಗೆಹ್ರಿಗ್‌ನನ್ನು ಅಳಿಸಿಹಾಕಲು ಬರುವುದಿಲ್ಲ. ಸೆಪ್ಟೆಂಬರ್ ಶುರುವಿನವರೆಗೂ ಅವರಿಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಓಡುತ್ತಿದ್ದರು. ಆಮೇಲೆ ರೂತ್ ಆ ಒಂದೇ ತಿಂಗಳಲ್ಲಿ 17 ಹೊಡೆದು ಕೈ ಬಿಡಿಸಿಕೊಂಡ. ಹಾಗಾಗಿ ಇಂಥ ವರ್ಷಕ್ಕೆ ನಾನು ಎರಡು ತೀರ್ಪು ಬರೆಯುತ್ತೇನೆ: ಪೈಪೋಟಿ ನಿಜವಾದದ್ದು; ದರ್ಬಾರು ಜೋಡಿಯದು.

1961 ಕೂಡ ಜೋಡಿಯ ವರ್ಷ ಅಂತ ಎಲ್ಲರೂ ಹೇಳುತ್ತಾರೆ, ರೋಜರ್ ಮಾರಿಸ್ 61, ಮ್ಯಾಂಟಲ್ 54, ಇಬ್ಬರೂ ಯಾಂಕೀಸ್. ಆದರೆ ಮೂರನೆಯ ಸಾಲಿನಲ್ಲಿ ಜಿಮ್ ಜೆಂಟೀಲ್ ಮತ್ತು ಹಾರ್ಮನ್ ಕಿಲಬ್ರೂ, ತಲಾ 46. 61ಕ್ಕೆ 46 ಅಂದರೆ 1.33. ಅದೇ 1927ರಲ್ಲಿ 3.33. ಎರಡೂ ಜೋಡಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವವರು ಈ ಸಾಲನ್ನು ಓದಿಲ್ಲ. ಅಲ್ಲದೆ ಆ ವರ್ಷ ಅಮೆರಿಕನ್ ಲೀಗ್ 8 ತಂಡದಿಂದ 10 ತಂಡಕ್ಕೆ ಹಿಗ್ಗಿತ್ತು, ಪಂದ್ಯ 154ರಿಂದ 162 ಆಗಿತ್ತು. ಅಂಚಿನಲ್ಲಿ ಷರಾ ಬರೆಯಿರಿ.

ಯಾವ ಬಯಲಿನಲ್ಲಿ ಓಟ ಅನ್ನುವುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಎರಡನೆಯವನನ್ನು ಲೀಗ್‌ನೊಳಗೆ ಹುಡುಕಬೇಕೋ, ಎರಡೂ ಲೀಗ್ ಸೇರಿಸಿಯೋ? 2022ರಲ್ಲಿ ಆರನ್ ಜಡ್ಜ್ 62 ಹೊಡೆದು ಮಾರಿಸ್‌ನ ಅಮೆರಿಕನ್ ಲೀಗ್ ದಾಖಲೆ ಮುರಿದ. ಲೀಗ್‌ನಲ್ಲಿ ಎರಡನೆಯವನು ಮೈಕ್ ಟ್ರೌಟ್, 40: ಅಂತರ 22, ಪಟ್ಟು 1.55. ಎರಡೂ ಲೀಗ್ ಸೇರಿಸಿದರೆ ಎರಡನೆಯವನು ಕೈಲ್ ಶ್ವಾರ್ಬರ್, 46: ಅಂತರ 16, ಪಟ್ಟು 1.35. ಹೇಗೆ ನೋಡಿದರೂ ಪಾಸು. 2017ರ ಜಿಯಾನ್‌ಕಾರ್ಲೊ ಸ್ಟಾಂಟನ್ ವಿಷಯದಲ್ಲಿ ಹಾಗಲ್ಲ. ನ್ಯಾಷನಲ್ ಲೀಗ್‌ನಲ್ಲಿ ಅವನ 59ಕ್ಕೆ ಎದುರು ಕೋಡಿ ಬೆಲಿಂಜರ್ 39, ಪಟ್ಟು 1.51, ಭರ್ಜರಿ. ಆಚೆ ಲೀಗ್‌ನತ್ತ ಕತ್ತು ತಿರುಗಿಸಿದರೆ ಜಡ್ಜ್ 52 ಹೊಡೆದು ಕೂತಿದ್ದಾನೆ, ಪಟ್ಟು 1.13ಕ್ಕೆ ಕುಸಿಯುತ್ತದೆ.

ನನ್ನ ರೂಢಿ ಹೀಗೆ. 1997ರ ಮೊದಲು ಎರಡು ಲೀಗ್‌ಗಳ ತಂಡಗಳು ಸೀಸನ್ನಿನಲ್ಲಿ ಎದುರಾಗುತ್ತಲೇ ಇರಲಿಲ್ಲ; ಬೇರೆ ಪಿಚರ್‌ಗಳು, ಬೇರೆ ಮೈದಾನಗಳು. ಆಗಿನದಕ್ಕೆ ಲೀಗ್‌ನೊಳಗಿನ ಎರಡನೆಯವನೇ ನಿಜವಾದ ಎದುರಾಳಿ. 2023ರಿಂದ ಪ್ರತಿ ತಂಡವೂ ಉಳಿದ 29 ತಂಡಗಳ ಜೊತೆ ಆಡುತ್ತದೆ, ಹಾಗಾಗಿ ಈಗ ಎರಡೂ ಲೀಗ್ ಸೇರಿಸಿಯೇ ನೋಡಬೇಕು. ನಡುವಿನ ವರ್ಷಗಳಿಗೆ ಎರಡೂ ಅಂಕಿ ಬರೆದಿಡುತ್ತೇನೆ.

ಲೀಗ್ ಪಟ್ಟಿಗಳಲ್ಲಿ ಒಂದು ತೂತು ಇದೆ, ಅದರಲ್ಲಿ ದೊಡ್ಡವರೇ ಜಾರಿಹೋಗಿದ್ದಾರೆ. ಸೀಸನ್ ನಡುವೆ ಒಂದು ಲೀಗ್‌ನಿಂದ ಇನ್ನೊಂದಕ್ಕೆ ಹೋದವನ ಮೊತ್ತ ಎರಡು ಕಡೆ ಹಂಚಿಹೋಗುತ್ತದೆ. 1997ರಲ್ಲಿ ಮಾರ್ಕ್ ಮೆಗ್ವಾಯರ್ ಓಕ್ಲೆಂಡ್‌ನಲ್ಲಿ 34, ಸೇಂಟ್ ಲೂಯಿಸ್‌ನಲ್ಲಿ 24, ಒಟ್ಟು 58 ಹೊಡೆದ. ಅದು ಆ ವರ್ಷ ಎಲ್ಲರಿಗಿಂತ ಹೆಚ್ಚು. ಆದರೆ ಅಮೆರಿಕನ್ ಲೀಗ್ ಪಟ್ಟ 56 ಹೊಡೆದ ಕೆನ್ ಗ್ರಿಫಿಗೆ, ನ್ಯಾಷನಲ್ ಲೀಗ್ ಪಟ್ಟ 49 ಹೊಡೆದ ಲ್ಯಾರಿ ವಾಕರ್‌ಗೆ. 2017ರಲ್ಲಿ ಜೆ. ಡಿ. ಮಾರ್ಟಿನೆಜ್ ಡೆಟ್ರಾಯಿಟ್‌ನಲ್ಲಿ 16, ಅರಿಜೋನಾದಲ್ಲಿ 29 ಹೊಡೆದು ಒಟ್ಟು 45ಕ್ಕೆ ಮುಟ್ಟಿದ್ದ. ಲೀಗ್ ಪಟ್ಟಿ ನೋಡಿದರೆ ಅವನು ಎಲ್ಲೋ ಕೆಳಗೆ. ಎರಡೂ ಲೀಗ್ ಸೇರಿಸಿದ ಪಟ್ಟಿಯನ್ನು ಒಮ್ಮೆ ತಾಳೆ ಹಾಕದೆ ಪುಟ ಮುಚ್ಚಬೇಡಿ.

ತಂಡದ ಸರಾಸರಿ

ಬೇರೆ ಬೇರೆ ಕಾಲದವರನ್ನು ಹೋಲಿಸಲು ನನಗೆ ಇಷ್ಟವಾದ ಅಳತೆ ಇದು. ಲೀಗ್‌ನ ಒಟ್ಟು ಹೋಮ್ ರನ್ನನ್ನು ತಂಡಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದರಿಂದ ಆಟಗಾರನ ಮೊತ್ತವನ್ನು ಭಾಗಿಸಿ. ಒಬ್ಬನೇ ಎಷ್ಟು ತಂಡದಷ್ಟು ಹೊಡೆದ ಅಂತ ಉತ್ತರ ಬರುತ್ತದೆ.

1927ನ್ನೇ ಕೈಯಲ್ಲಿ ಮಾಡಿ ನೋಡಿ. ಯಾಂಕೀಸ್ 158, ಅಥ್ಲೆಟಿಕ್ಸ್ 56, ಬ್ರೌನ್ಸ್ 55, ಟೈಗರ್ಸ್ 51, ವೈಟ್ ಸಾಕ್ಸ್ 36, ಸೆನೆಟರ್ಸ್ 29, ರೆಡ್ ಸಾಕ್ಸ್ 28, ಇಂಡಿಯನ್ಸ್ 26. ಕೂಡಿದರೆ 439. ಎಂಟರಿಂದ ಭಾಗಿಸಿದರೆ 54.9. ರೂತ್‌ನ 60ನ್ನು ಅದರಿಂದ ಭಾಗಿಸಿದರೆ 1.09. ಅಂದರೆ ಆ ಮನುಷ್ಯ ಒಂದು ತಂಡಕ್ಕಿಂತ ಜಾಸ್ತಿ. ಕೂಡುವಾಗಲೇ ನೀವು ಗಮನಿಸಿರಬೇಕು, ಯಾಂಕೀಸ್ ಬಿಟ್ಟರೆ ಉಳಿದ ಏಳು ತಂಡಗಳಲ್ಲಿ ಒಂದೊಂದರ ಮೊತ್ತವೂ ಅವನಿಗಿಂತ ಕಡಿಮೆ. 1920ರಲ್ಲಿ ಇದು ಇನ್ನೂ ಜೋರು: ಲೀಗ್ ಒಟ್ಟು 369, ತಂಡಕ್ಕೆ 46ರ ಹತ್ತಿರ, ರೂತ್ 54, ಉತ್ತರ 1.17. ಆ ವರ್ಷ ಎರಡೂ ಲೀಗ್‌ಗಳ ಹದಿನಾರು ತಂಡಗಳಲ್ಲಿ ರೂತ್‌ಗಿಂತ ಹೆಚ್ಚು ಹೊಡೆದದ್ದು ಎರಡೇ, ಒಂದು ಅವನದೇ ಯಾಂಕೀಸ್, ಇನ್ನೊಂದು 64 ಹೊಡೆದ ಫಿಲಡೆಲ್ಫಿಯಾ ಫಿಲೀಸ್.

ಈ ಕಾಲದವರನ್ನು ತನ್ನಿ. 1998ರಲ್ಲಿ ಮೂವತ್ತು ತಂಡಗಳಿಂದ 5,064. ಮೆಗ್ವಾಯರ್‌ನ 70ಕ್ಕೆ ಉತ್ತರ 0.41. 2001ರಲ್ಲಿ 5,458, ಬಾಂಡ್ಸ್‌ಗೆ 0.40. 2022ರಲ್ಲಿ 5,215, ಜಡ್ಜ್‌ಗೆ 0.36. 2017ರಲ್ಲಿ 6,105, ಸ್ಟಾಂಟನ್‌ಗೆ 0.29. ಈಗ ಎಲ್ಲರೂ ಬೇಲಿಯಾಚೆಗೇ ಗುರಿಯಿಡುತ್ತಾರೆ, ಹಾಗಾಗಿ 1ರ ಹತ್ತಿರ ಹೋಗುವುದು ಯಾರಿಂದಲೂ ಆಗದ ಮಾತು. ಇಂದಿನವರಿಗೆ 0.35 ದಾಟಿದರೆ ಎದ್ದು ನಿಲ್ಲಬಹುದು. ಬಾಂಡ್ಸ್ ಇಲ್ಲಿ ಚೆನ್ನಾಗಿಯೇ ಪಾಸಾಗುತ್ತಾನೆ ಅನ್ನುವುದನ್ನು ಭಾವಮೈದನಿಗೂ ಹೇಳಿದ್ದೇನೆ. ಅವನಿಗೆ ಕೊಡಬೇಕಾದ ಇನ್ನೊಂದು ಅಂಕಿಯೂ ಇದೆ: ಆ ವರ್ಷ ಪಿಚರ್‌ಗಳು ಬಾಂಡ್ಸ್‌ಗೆ 177 ವಾಕ್ (ಹೊಡೆಯಲಾಗದ ಎಸೆತಗಳಿಂದ ಸಿಗುವ ಬಿಟ್ಟಿ ಬೇಸ್) ಕೊಟ್ಟರು, ವಾಕ್ ಲೆಕ್ಕಕ್ಕೆ ಸೇರದ ಬ್ಯಾಟಿಂಗ್ ಸರದಿಗಳಾದ 476 ಅಟ್-ಬ್ಯಾಟ್‌ಗಳಲ್ಲಿ 73 ಬಂದವು. ಆರೂವರೆಗೊಂದು. ವೇಗದ ಲೆಕ್ಕದಲ್ಲಿ ಅವನ ಎದುರು ನಿಲ್ಲುವವರಿಲ್ಲ. ಆದರೆ ನಾವು ಅಳೆಯುತ್ತಿರುವುದು ವೇಗವನ್ನಲ್ಲ.

ಜಪಾನ್ ಪುಟಗಳನ್ನೂ ಹಾಕಿಕೊಳ್ಳಿ, ಖುಷಿಯಾಗುತ್ತದೆ. 2011ರಲ್ಲಿ ಅಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಹೊಸ ಚೆಂಡು ತಂದರು. ಚೆಂಡು ಹಾರಲೇ ಇಲ್ಲ. ಹಿಂದಿನ ವರ್ಷ 1,605 ಇದ್ದ ಹೋಮ್ ರನ್ 939ಕ್ಕೆ ಇಳಿಯಿತು. ಎಲ್ಲರ ಬ್ಯಾಟೂ ಸೊರಗಿದ ಆ ವರ್ಷ ಸೈಬು ಲಯನ್ಸ್‌ನ ತಕೆಯಾ ನಕಮುರ 48 ಹೊಡೆದ. ಪೆಸಿಫಿಕ್ ಲೀಗ್‌ನಲ್ಲಿ ಎರಡನೆಯವನು 25. ಚಿಬಾ ಲೊಟ್ಟೆ ಮರೀನ್ಸ್ ತಂಡದ ಮಂದಿಯೆಲ್ಲ ಸೇರಿ ಹೊಡೆದದ್ದು 46! ಹನ್ನೆರಡು ತಂಡಗಳ ಸರಾಸರಿಗೆ ಹೋಲಿಸಿದರೆ 0.61. ಇಂಗ್ಲಿಷಿನಲ್ಲಿ ಬರುವ ಪಟ್ಟಿಗಳಲ್ಲಿ ಈ ಹೆಸರು ಅಪರೂಪಕ್ಕೂ ಕಾಣುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ರೂತ್‌ನ ಪುಟಗಳ ಪಕ್ಕದಲ್ಲೇ ಅವನಿದ್ದಾನೆ. 2022ರಲ್ಲಿ ಯಾಕುಲ್ಟ್ ಸ್ವಾಲೋಸ್‌ನ ಮುನೆತಾಕ ಮುರಕಾಮಿ 56 ಹೊಡೆದಾಗ ಸೆಂಟ್ರಲ್ ಲೀಗ್‌ನಲ್ಲಿ ಎರಡನೆಯ ಕಝುಮಾ ಒಕಮೊಟೊ 30. ಅಂತರ 26, ಪಟ್ಟು 1.87. ಅದೇ ವರ್ಷ ಅಮೆರಿಕದಲ್ಲಿ ಜಡ್ಜ್‌ನ ಬಗ್ಗೆ ಎದ್ದ ಗದ್ದಲದಲ್ಲಿ ಇದು ಮುಚ್ಚಿಹೋಯಿತು.

ಮೈದಾನ ಗೆದ್ದದ್ದೋ, ಮನುಷ್ಯ ಗೆದ್ದದ್ದೋ

ಅಂಕಿಗಳು ಚೆಂದ ಕಂಡಷ್ಟೂ ಮೈದಾನದ ಮೇಲೆ ಸಂಶಯ ಇರಲಿ. ಬೇಸ್‌ಬಾಲ್‌ನಲ್ಲಿ ಬೇಲಿ ಎಷ್ಟು ದೂರ ಅನ್ನುವುದು ಊರಿಂದೂರಿಗೆ ಬೇರೆ.

ರೂತ್‌ಗಿಂತ ಮೊದಲು ಸೀಸನ್ ದಾಖಲೆ 27 ಇತ್ತು. 1884ರಲ್ಲಿ ಶಿಕಾಗೊದ ನೆಡ್ ವಿಲಿಯಮ್ಸನ್ ಹೊಡೆದದ್ದು. ಆ ಪುಟ ಹಾಕಿ ತಂಡದ ಕಾಲಂ ಓದಿ. ವಿಲಿಯಮ್ಸನ್, ಶಿಕಾಗೊ, 27. ಫ್ರೆಡ್ ಫೆಫರ್, ಶಿಕಾಗೊ, 25. ಆಬ್ನರ್ ಡಾಲ್‌ರಿಂಪಲ್, ಶಿಕಾಗೊ, 22. ಕ್ಯಾಪ್ ಆನ್ಸನ್, ಶಿಕಾಗೊ, 21. ಮೊದಲ ನಾಲ್ವರೂ ಒಂದೇ ತಂಡ! ನಮ್ಮ ಕೆಲಸದಲ್ಲಿ ನಾಲ್ಕು ಬಿಲ್ಲಿನ ಮೇಲೂ ಒಂದೇ ಕೈಬರಹ ಕಂಡರೆ ಏನು ಮಾಡುತ್ತೇವೋ ಇಲ್ಲೂ ಅದನ್ನೇ ಮಾಡಬೇಕು, ಕಡತ ತೆರೆದು ಕೆದಕಬೇಕು. ಕೆದಕಿದರೆ ಸಿಗುವುದು ಇದು: ಅವರ ಲೇಕ್ ಫ್ರಂಟ್ ಪಾರ್ಕ್ ಮೈದಾನದ ಬೇಲಿ ಎಡಕ್ಕೂ ಬಲಕ್ಕೂ 200 ಅಡಿಗಿಂತ ಕಡಿಮೆ. 1883ರವರೆಗೆ ಅದರ ಮೇಲೆ ಹೋದ ಚೆಂಡಿಗೆ ಎರಡು ಬೇಸ್ ಮಾತ್ರ ಕೊಡುತ್ತಿದ್ದರು. ಆ ವರ್ಷ ವಿಲಿಯಮ್ಸನ್‌ನ ಡಬಲ್‌ಗಳು (ಎರಡು ಬೇಸಿನ ಹೊಡೆತಗಳು) 49, ಹೋಮ್ ರನ್ 2. ಮರುವರ್ಷ ಅದನ್ನೇ ಹೋಮ್ ರನ್ ಅಂದರು. 27ರಲ್ಲಿ 25 ಮನೆಯಂಗಳದಲ್ಲೇ ಬಂದವು.

ಒಂದೇ ತಂಡದವರು ಪಟ್ಟಿಯ ತುದಿಯಲ್ಲಿ ಗುಂಪುಗೂಡಿದರೆ ಮೈದಾನ ನೋಡಬೇಕು ಅನ್ನುವ ಈ ಸೂತ್ರ ನೂರಕ್ಕೂ ಹೆಚ್ಚು ವರ್ಷ ಬಿಟ್ಟೂ ಕೆಲಸ ಮಾಡುತ್ತದೆ. 1995ರಲ್ಲಿ ನ್ಯಾಷನಲ್ ಲೀಗ್ ಗೆದ್ದ ಡಾಂಟೆ ಬಿಶೆಟ್ 40, ಅವನ ಕೊಲೊರಾಡೊ ತಂಡದಲ್ಲೇ ವಾಕರ್ 36, ಕಸ್ತಿಯಾ 32, ಗಲರಾಗಾ 31. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 5,200 ಅಡಿ ಎತ್ತರ. ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. ಬಿಶೆಟ್‌ನ 40ರಲ್ಲಿ 31 ಅಲ್ಲೇ.

ಹಾಗಾದರೆ ಮಾಡಬೇಕಾದದ್ದು ಸುಲಭ: ಮನೆಯಲ್ಲಿ ಎಷ್ಟು, ಹೊರಗೆ ಎಷ್ಟು ಅಂತ ಬಿಡಿಸಿ ಬರೆಯಿರಿ. ಗ್ಯಾವಿ ಕ್ರೇವತ್ 1914ರಲ್ಲಿ ಹೊಡೆದ 19ಕ್ಕೆ 19ನ್ನೂ ಫಿಲಡೆಲ್ಫಿಯಾದ ಬೇಕರ್ ಬೌಲ್‌ನಲ್ಲೇ ಹೊಡೆದ. ಅಲ್ಲಿ ಬಲಗಡೆ ಗೋಡೆ 280 ಅಡಿ ಆಸುಪಾಸಿನಲ್ಲಿತ್ತು. ಮರುವರ್ಷ ಅವನ 24ಕ್ಕೆ ಎರಡನೆಯವನು 13, ಪಟ್ಟು 1.85. ಅಂಕಿ ಚೆನ್ನಾಗಿದೆ, ಷರಾ ಚೆನ್ನಾಗಿಲ್ಲ. ರೂತ್‌ನ 1919 ಇದಕ್ಕೆ ತದ್ವಿರುದ್ಧ. 29ರಲ್ಲಿ ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಬಂದದ್ದು 9, ಹೊರಗೆ 20. ಸ್ವಂತ ಮೈದಾನ ಕೈಹಿಡಿಯದೇ ಇದ್ದರೂ ಎರಡನೆಯವನ ಸುಮಾರು ಮೂರು ಪಟ್ಟು. 1927ರಲ್ಲಿ 28 ಮನೆಯಲ್ಲಿ, 32 ಹೊರಗೆ. ಮಾರಿಸ್ 30 ಮತ್ತು 31. ಯಾಂಕೀ ಸ್ಟೇಡಿಯಂನ ಬಲಗಡೆಯ ಗಿಡ್ಡ ಬೇಲಿಯಿಂದಲೇ ಅವನು ಗೆದ್ದ ಅನ್ನುವವರ ಬಾಯಿಗೆ ಇದು ಬೀಗ.

ಅಂಚಿನ ಷರಾಗಳು

ನಿಯಮಗಳು ಬದಲಾದ ವರ್ಷ ನೆನಪಿಟ್ಟುಕೊಳ್ಳಿ. 1918ರಲ್ಲಿ ರೂತ್ 11, ಫಿಲಡೆಲ್ಫಿಯಾದ ಟಿಲಿ ವಾಕರ್ 11, ಸಮಸಮ. ಆದರೆ ಅದೇ ವರ್ಷ ಜುಲೈ 8ರಂದು ರೂತ್ ಪಂದ್ಯ ಗೆಲ್ಲಿಸಿದ ಹೊಡೆತವೊಂದನ್ನು ಫೆನ್‌ವೇ ಬೇಲಿಯಾಚೆ ಕಳಿಸಿದ್ದ. ಗೆಲ್ಲಲು ಬೇಕಿದ್ದ ಓಟಗಾರ ಕೊನೆಯ ಬೇಸ್ ಮುಟ್ಟಿದ ಕೂಡಲೇ ಪಂದ್ಯ ಮುಗಿಯಿತು ಅನ್ನುವುದು ಆಗಿನ ನಿಯಮ, ಹಾಗಾಗಿ ಪುಸ್ತಕದಲ್ಲಿ ಅದು ಟ್ರಿಪಲ್ (ಮೂರು ಬೇಸಿನ ಹೊಡೆತ) ಅಂತ ಬಿತ್ತು. 1920ರಿಂದ ಆ ನಿಯಮ ಹೋಯಿತು. ಇಂದಿನ ಲೆಕ್ಕದಲ್ಲಿ ರೂತ್ 12, ಒಬ್ಬನೇ ಸರದಾರ. ನಾನು ಪುಸ್ತಕದ ಅಂಕಿ ತಿದ್ದುವುದಿಲ್ಲ. ಅಂಚಿನಲ್ಲಿ ಬರೆದು ಅಡಿಗೆರೆ ಎಳೆಯುತ್ತೇನೆ. ಇನ್ನೊಂದು: 1930ರ ಆಸುಪಾಸಿನವರೆಗೂ ನೆಲಕ್ಕೆ ಪುಟಿದು ಬೇಲಿ ಹಾರಿದ ಚೆಂಡೂ ಹೋಮ್ ರನ್ ಆಗಿತ್ತು.

ಆಡದೆ ಇದ್ದವರನ್ನೂ ಬರೆಯಿರಿ. 1922ರಲ್ಲಿ ಕೆನ್ ವಿಲಿಯಮ್ಸ್ 39 ಹೊಡೆದು ಅಮೆರಿಕನ್ ಲೀಗ್ ಗೆದ್ದ, ರೂತ್ 35. ಆದರೆ ಅನುಮತಿಯಿಲ್ಲದೆ ಪ್ರದರ್ಶನ ಪಂದ್ಯ ಆಡಿದ್ದಕ್ಕೆ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಲ್ಯಾಂಡಿಸ್ ಅವನನ್ನು ಅಮಾನತು ಮಾಡಿದ್ದರಿಂದ ರೂತ್ ಕಣಕ್ಕಿಳಿದದ್ದೇ ಮೇ 20ಕ್ಕೆ, ಆಡಿದ್ದು 110 ಪಂದ್ಯ.

ಮೊಟಕಾದ ಸೀಸನ್‌ಗಳಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. 1981ರಲ್ಲಿ ಅಮೆರಿಕನ್ ಲೀಗ್‌ನಲ್ಲಿ ನಾಲ್ವರು 22ಕ್ಕೆ ಸಮನಾದರು. 2020ರಲ್ಲಿ ಆಡಿದ್ದೇ 60 ಪಂದ್ಯ, ಲೂಕ್ ವೋಯಿಟ್ 22. 1994ರ ಮುಷ್ಕರದ ಹೊತ್ತಿಗೆ ಮ್ಯಾಟ್ ವಿಲಿಯಮ್ಸ್ 43 ಹೊಡೆದಿದ್ದ, ಅದೇ ಓಟದಲ್ಲಿ ಹೋಗಿದ್ದರೆ 60 ಮುಟ್ಟುತ್ತಿತ್ತು ಅಂತ ಈಗಲೂ ಕೊರಗುವವರಿದ್ದಾರೆ. ಮುಟ್ಟುತ್ತಿತ್ತೋ ಏನೋ, ಅವನ ಹಿಂದೆ ಜೆಫ್ ಬ್ಯಾಗ್‌ವೆಲ್ 39ರಲ್ಲಿದ್ದ.

ಔಷಧಿಯ ವಿಷಯ. ಸ್ಟೆರಾಯ್ಡ್ ಬಳಸಿದ್ದಾಗಿ ಮೆಗ್ವಾಯರ್ 2010ರಲ್ಲಿ ತಾನೇ ಒಪ್ಪಿಕೊಂಡ. ಗೊತ್ತಿದ್ದು ಬಳಸಿಲ್ಲ ಅನ್ನುವುದು ಬಾಂಡ್ಸ್ ಹೇಳಿಕೆ. ಶಿಕ್ಷೆಯಿರುವ ಪರೀಕ್ಷೆ ಬಂದದ್ದು 2004ರಲ್ಲಿ. ನಾನು ಇವರ ಪುಟ ಹರಿಯುವುದಿಲ್ಲ, ನಕ್ಷತ್ರ ಚಿಹ್ನೆಯನ್ನೂ ಹಾಕುವುದಿಲ್ಲ. ಆ ಕಾಲದಲ್ಲಿ ಎರಡನೆಯವನ ಅಂಕಿಯೂ ಉಬ್ಬಿತ್ತು, ಹತ್ತನೆಯವನದೂ ಉಬ್ಬಿತ್ತು. ಅಂತರ ಮತ್ತು ಪಟ್ಟು ನೋಡುವವನಿಗೆ ಆ ಉಬ್ಬು ಬಹುಪಾಲು ತಾನಾಗಿಯೇ ಇಳಿದುಹೋಗುತ್ತದೆ.

ಕೊನೆಯದಾಗಿ, ಸಾಧ್ಯವಾದರೆ ಒಂದು ತಾರೀಖು ಹುಡುಕಿ: ಮೊದಲನೆಯವನ ಜೊತೆ ಬೇರೊಬ್ಬ ಸಮನಾಗಿದ್ದ ಕಡೆಯ ದಿನ ಯಾವುದು? ಆಟಗಾರನ ಪುಟದಲ್ಲಿ ಪಂದ್ಯವಾರು ಪಟ್ಟಿ ಇರುತ್ತದೆ, ಇಬ್ಬರದನ್ನೂ ಅಕ್ಕಪಕ್ಕ ಇಟ್ಟು ಕೆಳಗಿನಿಂದ ಮೇಲಕ್ಕೆ ಓದಿ. ಬೇಗ ಸಿಗುತ್ತದೆ. 1998ಕ್ಕೆ ಆ ದಿನ ಸೆಪ್ಟೆಂಬರ್ 25. ಅಂದು ಸೋಸಾ 66ನೆಯದನ್ನು ಹೊಡೆದು ಮುಂದೆ ಹೋದ, ಮುಕ್ಕಾಲು ಗಂಟೆಯಲ್ಲಿ ಮೆಗ್ವಾಯರ್ ಅವನನ್ನು ಹಿಡಿದ. ಮೆಗ್ವಾಯರ್‌ಗೆ ಉಳಿದದ್ದು ಶನಿವಾರ, ಭಾನುವಾರ. ಎರಡು ದಿನವೂ ಎರಡೆರಡು ಹೊಡೆದು ಮೆಗ್ವಾಯರ್ 70 ಮುಟ್ಟಿದ, ಸೋಸಾ ಅಲ್ಲೇ ನಿಂತ. ಹೋಮ್ ರನ್ ಪೈಪೋಟಿಗಳಲ್ಲಿ ಅತ್ಯಂತ ರೋಚಕವಾದದ್ದು ಯಾವುದು ಅಂದರೆ ನಾನೂ ಅದನ್ನೇ ಹೇಳುತ್ತೇನೆ. ದರ್ಬಾರು ಅಂತ ಮಾತ್ರ ಬರೆಯಲಾರೆ, ಪಟ್ಟು 1.06.

ಅಭ್ಯಾಸಕ್ಕೆ ಎರಡು ಪುಟ ಕೊಡುತ್ತೇನೆ. ಒಂದು 1932ರ ಅಮೆರಿಕನ್ ಲೀಗ್: ಜಿಮ್ಮಿ ಫಾಕ್ಸ್ 58, ರೂತ್ 41. ತಂಡದ ಸರಾಸರಿ, ಮನೆ-ಹೊರಗಿನ ಲೆಕ್ಕ ನೀವೇ ತೆಗೆಯಿರಿ. ಇನ್ನೊಂದು 2025. ಸಿಯಾಟಲ್‌ನ ಕ್ಯಾಲ್ ರಾಲಿ 60, ಶ್ವಾರ್ಬರ್ 56, ಒಹ್ತಾನಿ 55, ಜಡ್ಜ್ 53. ಕ್ಯಾಚರ್ (ವಿಕೆಟ್‌ಕೀಪರ್‌ನಂತೆ ಬ್ಯಾಟರ್ ಹಿಂದೆ ಕೂರುವವನು) ಒಬ್ಬ 60 ಹೊಡೆದದ್ದು ಹಿಂದೆಂದೂ ಇರಲಿಲ್ಲ, ಆದ್ದರಿಂದ ಷರಾ ಉದ್ದವೇ ಆಗುತ್ತದೆ. ಆದರೆ ತೀರ್ಪಿನ ಜಾಗದಲ್ಲಿ ಏನು ಬರೆಯಬೇಕು ಅಂತ ಆ ನಾಲ್ಕು ಅಂಕಿ ನೋಡಿದರೇ ಗೊತ್ತಾಗುತ್ತದೆ. ಐದನೆಯ ಹೆಸರು ಹುಡುಕುವಾಗ ಹುಷಾರು: ಯುಹೇನಿಯೊ ಸುವಾರೆಸ್ 49 ಹೊಡೆದಿದ್ದಾನೆ, 36 ಅರಿಜೋನಾದಲ್ಲಿ, 13 ಸಿಯಾಟಲ್‌ನಲ್ಲಿ.